ನಮ್ಮ ಮೋತಿ ಮತ್ತು ಮಗ್ರಿಬ್ ಹೊತ್ತಿನ ನೊರಜು

ದಾವಣಗೆರೆಯಲ್ಲಿ ರಾತ್ರಿ ಹೊತ್ತು ಮದುವೆ ಮೆರವಣಿಗೆ ನೋಡಿದ್ದರೆ ನೀವು ಬಹುಶಃ ನಮ್ಮ ಮೋತಿಯನ್ನೂ ನೋಡಿರುತ್ತೀರಿ. ಬಿಳಿ ಕುದುರೆ, ಹಣೆಯ ಮೇಲೆ ಕೆಂಪು ಕುಚ್ಚು, ಬೆನ್ನ ಮೇಲೆ ಜರಿಯ ಝೂಲು. ಮೇಲೆ ಕೂರುವ ಮದುಮಗ ದಿನಕ್ಕೊಬ್ಬ. ಕೆಳಗೆ ಲಗಾಮು ಹಿಡಿದು, ಬ್ಯಾಂಡಿನ ಸದ್ದಿಗೆ ಅದು ಬೆದರದಂತೆ ಕತ್ತು ಸವರುತ್ತಾ ನಡೆಯುವವರು ಮಾತ್ರ ಯಾವಾಗಲೂ ನನ್ನ ಅಬ್ಬಾ. ಇದನ್ನು ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಪ್ರಥಮ ಪಿಯುಸಿಗೆ ಸೇರುವಾಗ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ‘ವ್ಯಾಪಾರ’ ಎಂದು ಬರೆದಿದ್ದೆ. ಕಳೆದ ಮಳೆಗಾಲದಲ್ಲಿ ನಡೆದದ್ದನ್ನು ಬರೆದುಕೊಡು ಎಂದು ಜೀವಶಾಸ್ತ್ರದ ಮೇಡಂ ಹೇಳಿದ್ದರಿಂದ ಈಗ ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗಲಿ.

ನಮ್ಮ ದಾದಾ ಜಟಕಾ ಓಡಿಸುತ್ತಿದ್ದವರು. ರೈಲು ಬರುವ ಹೊತ್ತಿಗೆ ಸ್ಟೇಷನ್ನಿನ ಮುಂದೆ ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದವು, ಹತ್ತಿ ಗಿರಣಿಯ ಸೈರನ್ನಿಗೆ ಊರು ಏಳುತ್ತಿತ್ತು ಎಂದು ಅವರು ಈಗಲೂ ಹೇಳುತ್ತಾರೆ. ಗಿರಣಿಗಳು ಮುಚ್ಚಿದವು, ಆಟೋಗಳು ಬಂದವು, ಗಾಡಿ ಗುಜರಿಗೆ ಹೋಯಿತು. ಕುದುರೆ ಮಾತ್ರ ಉಳಿಯಿತು. ಜಟಕಾ ಎಳೆಯುತ್ತಿದ್ದ ಕುದುರೆಯ ಜಾಗಕ್ಕೆ ಮದುವೆಗೆ ಹೋಗುವ ಕುದುರೆ ಬಂತು, ಅಷ್ಟೇ. ಮೋತಿ ಹಾಗೆ ಬಂದವುಗಳಲ್ಲಿ ಮೂರನೆಯದು. ನನ್ನ ಕಾಲೇಜಿನ ಫೀಸು, ತಮ್ಮನ ಟ್ಯೂಷನ್ನು, ಅಮ್ಮಿಯ ಬಿಪಿ ಮಾತ್ರೆ, ಎಲ್ಲವೂ ಅದರ ನಾಲ್ಕು ಕಾಲಿನ ಮೇಲೆಯೇ ನಿಂತಿವೆ.

ಮೊದಲು ಮೋತಿ ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿತ್ತು. ಮಂಡಕ್ಕಿ ಭಟ್ಟಿಗಳು ಹತ್ತಿರ. ನಮ್ಮೂರಿನವರಿಗೆ ಹೇಳಬೇಕಾಗಿಲ್ಲ, ಭಟ್ಟಿ ಉರಿಯುವ ಹೊತ್ತಿನಲ್ಲಿ ಅಲ್ಲಿ ಒಣಗಲು ಹಾಕಿದ ಬಟ್ಟೆಗೆ ಯಾವ ಬಣ್ಣ ಬರುತ್ತದೆ ಎಂದು. ಬಿಳಿ ಕುದುರೆಯನ್ನು ಬಿಳಿಯಾಗಿಯೇ ಇಡುವುದು ಅಬ್ಬಾಗೆ ದೊಡ್ಡ ಕೆಲಸವಾಗಿತ್ತು. ಸೈಟಿನ ಮಾಲೀಕರು ಮನೆ ಕಟ್ಟಿಸಲು ಪಾಯ ತೋಡಿಸಿದಾಗ ಮೋತಿಯನ್ನು ಎಲ್ಲಿ ಕಟ್ಟುವುದು ಎಂಬ ಪ್ರಶ್ನೆ ಬಂತು. ಹರಿಹರದಲ್ಲಿ ನಮ್ಮ ಫುಪ್ಪು, ಅಂದರೆ ಅಬ್ಬಾನ ಅಕ್ಕ, ಇದ್ದಾರೆ. ಊರಂಚಿನ ಮನೆ, ಹಿತ್ತಲು ದೊಡ್ಡದು. ಹಿತ್ತಲು ದಾಟಿದರೆ ಭತ್ತದ ಗದ್ದೆ, ಗದ್ದೆಯಾಚೆ ತುಂಗಭದ್ರೆ. 14 ಕಿಲೋಮೀಟರ್ ದೂರವಾಗುತ್ತದೆ, ಮೆರವಣಿಗೆ ಇದ್ದಾಗಲೆಲ್ಲ ಟೆಂಪೋ ಬಾಡಿಗೆ ಬೀಳುತ್ತದೆ ಎಂದು ಅಬ್ಬಾ ಅನುಮಾನಿಸಿದರು. ಹಟ ಹಿಡಿದವಳು ನಾನು. “ಹೊಗೆ ಕುಡಿದು ಕುಡಿದು ಅದರ ಶ್ವಾಸಕೋಶ ಏನಾಗಬೇಡ ಅಬ್ಬಾ? ಅಲ್ಲಿ ಗಾಳಿ ಇದೆ, ಹಸಿ ಹುಲ್ಲಿದೆ” ಎಂದು ಓದಿದವಳ ಗತ್ತಿನಲ್ಲಿ ಹೇಳಿದೆ. ಮೋತಿಯ ಜೊತೆ ದಾದಾ ಕೂಡ ಮಗಳ ಮನೆಗೆ ಹೊರಟರು. ಕುದುರೆ ಇಲ್ಲದ ಮನೆಯಲ್ಲಿ ಅವರಿಗೆ ನಿದ್ದೆ ಬರುವುದಿಲ್ಲ.

ಮೊದಲ ವರ್ಷ ಎಲ್ಲ ಚೆನ್ನಾಗಿತ್ತು. ಭಾನುವಾರ ನಾನು ಬಸ್ಸು ಹತ್ತಿ ಹೋದರೆ ಮೋತಿ ದೂರದಿಂದಲೇ ಕಿವಿ ನಿಮಿರಿಸುತ್ತಿತ್ತು. ನೋಡಿದಿರಾ, ನಾನು ಹೇಳಿದ್ದೇ ಸರಿ ಎಂದು ಅಬ್ಬಾನ ಮುಂದೆ ಬೀಗಿದ್ದೂ ಉಂಟು.

ಎರಡನೆಯ ವರ್ಷ ಮುಂಗಾರು ಹಿಡಿದ ಮೇಲೆ ಅದು ಬೇವಿನ ಮರಕ್ಕೆ ಕುತ್ತಿಗೆ ಉಜ್ಜತೊಡಗಿತು. ಕುದುರೆ ಮರಕ್ಕೆ ಮೈ ಉಜ್ಜುವುದು ಹೊಸದೇನಲ್ಲ, ಯಾರೂ ಗಮನ ಕೊಡಲಿಲ್ಲ. ಎರಡು ವಾರ ಕಳೆದು ನಾನು ಹೋದಾಗ ಅದರ ಅಯಾಲು, ಕುತ್ತಿಗೆಯ ಮೇಲಿನ ಆ ಉದ್ದ ಕೂದಲು, ನಡುನಡುವೆ ಕಿತ್ತುಹೋಗಿ ಹಳೆಯ ಪೊರಕೆಯ ಹಾಗೆ ಕಾಣುತ್ತಿತ್ತು. ಬಾಲದ ಬುಡದಲ್ಲಿ ಕೂದಲೇ ಇಲ್ಲ. ಅಲ್ಲಿನ ಚರ್ಮ ದಪ್ಪವಾಗಿ, ಮಡಿಕೆ ಮಡಿಕೆಯಾಗಿ, ಮೇಲೆ ಹಕ್ಕಳೆ ಕಟ್ಟಿತ್ತು. ಹೊಟ್ಟೆಯ ನಡುಗೆರೆಯುದ್ದಕ್ಕೂ ಸಣ್ಣ ಸಣ್ಣ ಗಾಯ. ನಾನು ಕೈ ಇಟ್ಟರೆ ಮೋತಿ ಕತ್ತು ಚಾಚಿ ತುಟಿ ಅದುರಿಸಿತು. ತುರಿಸು, ಇನ್ನೂ ತುರಿಸು ಎನ್ನುವ ಹಾಗೆ. ರಾತ್ರಿಯೆಲ್ಲ ಕಂಬಕ್ಕೆ ಹಿಂಭಾಗ ತಿಕ್ಕುತ್ತದೆ, ಕಂಬ ಅಲ್ಲಾಡಿ ತಗಡು ಕಿರುಗುಟ್ಟುತ್ತದೆ, ದಾದಾ ಎದ್ದು ಕೂತೇ ಇರುತ್ತಾರೆ ಎಂದು ಫುಪ್ಪು ಹೇಳಿದರು.

ಆಮೇಲೆ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಬರೆಯುತ್ತೇನೆ. ಮೊದಲನೆಯದು ಎಂಜಿನ್ ಆಯಿಲ್. ದನಕ್ಕೆ, ನಾಯಿಗೆ ಕಜ್ಜಿಯಾದರೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವುದು ನಮ್ಮ ಕಡೆ ಬಹಳ ಜನ ಮಾಡುವ ಮದ್ದು. ಅಬ್ಬಾ ಒಂದು ಡಬ್ಬಿ ತಂದು ಬಳಿದರು. ಗಾಯವಾದ ಚರ್ಮದ ಮೇಲೆ ಅದು ಬಿದ್ದ ಕೂಡಲೇ ಮೋತಿ ಹಗ್ಗ ಕಿತ್ತುಕೊಂಡು ಗದ್ದೆಯ ಕೆಸರಿಗೆ ಹಾರಿತು. ಮರುದಿನ ಚರ್ಮ ಸುಲಿದು ಬಂತು. ಎರಡನೆಯದು, ಡಾಕ್ಟರಿಗೆ ತೋರಿಸದೆ ಔಷಧಿ ಅಂಗಡಿಯಲ್ಲಿ ಕೇಳಿ ಹಾಕಿಸಿದ ಕಜ್ಜಿ ಇಂಜೆಕ್ಷನ್. ಹಣ ಹೋಯಿತು, ತುರಿಕೆ ಹೋಗಲಿಲ್ಲ. ಮೂರನೆಯದು ನನ್ನದು. ದಾದಾಗೆ ವಯಸ್ಸಾಗಿದೆ, ಮೈ ಸರಿಯಾಗಿ ತೊಳೆಯುತ್ತಿಲ್ಲ, ಕೊಳೆಯಿಂದ ಹೀಗಾಗಿದೆ ಎಂದು ಅವರ ಮುಂದೆಯೇ ಅಂದುಬಿಟ್ಟೆ. ದಾದಾ ಏನೂ ಹೇಳಲಿಲ್ಲ. ಎದ್ದು ಹೋಗಿ ಬಕೆಟ್ಟಿಗೆ ನೀರು ತುಂಬಿಸತೊಡಗಿದರು. ಆ ದಿನ ಅದಾಗಲೇ ಎರಡು ಸಲ ಮೈ ತೊಳೆದಿದ್ದರಂತೆ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ನಮ್ಮ ಕಸುಬಿನಲ್ಲಿ ಬಾಯಿಂದ ಬಾಯಿಗೆ ಹೋಗುವ ಮಾತೇ ಬೋರ್ಡು, ಅದೇ ಜಾಹೀರಾತು. ‘ಆ ಸಾಬರ ಕುದುರೆಗೆ ಕಜ್ಜಿ ಹಿಡಿದಿದೆಯಂತೆ, ಮುಟ್ಟಿದರೆ ಅಂಟುತ್ತದಂತೆ’ ಎಂದು ಒಬ್ಬರು ಬ್ಯಾಂಡಿನವರಿಗೆ ಹೇಳಿದರೆ ಸಾಕು. ಆಗಸ್ಟಿನಲ್ಲಿ ಒಂದು ಮದುವೆಯವರು ಕೊಟ್ಟ ಅಡ್ವಾನ್ಸು ವಾಪಸ್ ತೆಗೆದುಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾರ ಮಗನನ್ನು ಯಾರು ತಾನೇ ಕಜ್ಜಿ ಕುದುರೆಯ ಮೇಲೆ ಕೂರಿಸುತ್ತಾರೆ? ಆದರೆ ಅಬ್ಬಾ ಅವತ್ತು ಊಟ ಮಾಡಲಿಲ್ಲ. ತುಳಸಿ ಲಗ್ನ ಕಳೆದರೆ ಮದುವೆಗಳ ಸುಗ್ಗಿ ಶುರುವಾಗುತ್ತದೆ. ಕೈಯಲ್ಲಿದ್ದದ್ದು ಮೂರು ತಿಂಗಳೂ ಇಲ್ಲ.

ಕೊನೆಗೆ ಪಶು ಆಸ್ಪತ್ರೆಯ ಡಾಕ್ಟರೊಬ್ಬರು ಬಂದು ನೋಡಿದರು. ಬ್ಲೇಡಿಗೆ ಎಣ್ಣೆ ಸವರಿ ಚರ್ಮವನ್ನು ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಹಾಕಿಕೊಂಡು ಹೋದರು. ಎರಡು ದಿನ ಬಿಟ್ಟು ಫೋನ್ ಮಾಡಿ, ಕಜ್ಜಿಯ ಹುಳ ಸಿಗಲಿಲ್ಲ ಅಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: “ದಿನದಲ್ಲಿ ಯಾವ ಹೊತ್ತಿಗೆ ಜಾಸ್ತಿ ತುರಿಸಿಕೊಳ್ಳುತ್ತೆ?”

ಅಬ್ಬಾಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ದಾದಾ ತಕ್ಷಣ ಹೇಳಿದರು: “ಮಗ್ರಿಬ್ ಅಜಾನಿಗೆ ಸ್ವಲ್ಪ ಮುಂಚೆ ಶುರು. ಇಶಾ ಹೊತ್ತಿಗೆ ಕಡಿಮೆ. ಮತ್ತೆ ಫಜರ್ ಮುಗಿಸಿ ನಾನು ಬರುವಾಗ ಶುರು. ಜೋರು ಗಾಳಿ ಬೀಸಿದ ದಿನ ಇಲ್ಲ.” ಕೊಳಕಿನಿಂದ ಬಂದ ತುರಿಕೆಯಾಗಿದ್ದರೆ ಅದಕ್ಕೆ ಅಜಾನ್ ಹೊತ್ತು ಹೇಗೆ ತಿಳಿಯುತ್ತದೆ? ಆ ಕ್ಷಣ ನನಗೆ ದಾದಾನ ಮುಖ ನೋಡಲು ಆಗಲಿಲ್ಲ.

ಉತ್ತರ ಸಿಕ್ಕಿದ್ದು ಡಾಕ್ಟರರಿಗಿಂತ ಮೊದಲು ಒಬ್ಬ ಕುರಿಗಾಹಿಯಿಂದ. ಅವರು ಫುಪ್ಪುವಿನ ಮನೆ ಮುಂದಿನ ದಾರಿಯಲ್ಲಿ ಕುರಿ ಹೊಡೆದುಕೊಂಡು ಹೋಗುವವರು. ಒಂದು ಸಂಜೆ ನಿಂತು, ಕಂಬಳಿ ಹೆಗಲಿಗೆ ಏರಿಸಿಕೊಂಡು ಮೋತಿಯ ಹೊಟ್ಟೆ ಕೆಳಗೆ ಬಗ್ಗಿ ನೋಡಿದರು. “ಸಾಬ್ರೆ, ಇದು ಕಜ್ಜಿ ಅಲ್ರೀ. ನೊರಜು. ನೀವು ಕುದ್ರಿ ಕಟ್ಟಿರೋದೇ ನೊರಜಿನ ಮನಿ ಬಾಗಿಲಾಗ. ಮಳಿ ಬಿದ್ದು ನೊರಜು ಎದ್ರೆ ನಾವು ಕುರಿನ ಗದ್ದಿ ಬಯಲಾಗ ನಿಲ್ಲಿಸಂಗಿಲ್ಲ, ದಿಬ್ಬಕ್ಕೆ ಹೊಡಿತೀವಿ. ಇಲ್ಲಾಂದ್ರೆ ನಾಲಿಗಿ ನೀಲಿ ಆಗಿ ಸಾಯ್ತಾವ” ಅಂದರು.

ಅವರು ಹೇಳಿದ್ದು ನೀಲಿ ನಾಲಿಗೆ ರೋಗ. ಕುರಿಗಳಿಗೆ ಬರುವ ಆ ರೋಗದ ವೈರಸ್ಸನ್ನು ಹರಡುವುದು ಕ್ಯುಲಿಕಾಯ್ಡಿಸ್ ಎಂಬ ನೊರಜು. ಮೋತಿಯನ್ನು ಕಚ್ಚುತ್ತಿದ್ದದ್ದೂ ಅದೇ ಕುಲದ್ದು ಎಂದು ಆಮೇಲೆ ತಿಳಿಯಿತು. ನಾನು ಮರುದಿನ ಸಂಜೆ ಅಮ್ಮಿಯ ಹಳೆಯ ಬಿಳಿ ದುಪಟ್ಟಾ ಒದ್ದೆ ಮಾಡಿ ಮೋತಿಯ ಹೊಟ್ಟೆಯ ಕೆಳಗೆ ಒರೆಸಿದೆ. ಮೊಬೈಲಿನ ಬೆಳಕಿನಲ್ಲಿ ನೋಡಿದರೆ ಮೆಣಸಿನ ಪುಡಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆಗಳು. ಕೆಲವನ್ನು ಖಾಲಿ ಮಾತ್ರೆ ಡಬ್ಬಿಯಲ್ಲಿ ಹಾಕಿ ಕಾಲೇಜಿಗೆ ತಂದೆ. ಮೇಡಂ ಊಟದ ಬಿಡುವಿನಲ್ಲಿ ಲ್ಯಾಬಿನ ಬೀಗ ತೆಗೆಸಿದರು. ಮೈಕ್ರೋಸ್ಕೋಪಿನ ಕೆಳಗೆ ಆ ಚುಕ್ಕೆಗೆ ರೆಕ್ಕೆಗಳಿದ್ದವು. ರೆಕ್ಕೆಯ ಮೇಲೆ ಬೂದು ಬಣ್ಣದ ಮಚ್ಚೆಗಳು, ಮೋಡದ ತುಂಡುಗಳ ಹಾಗೆ. ನಿಜ ಹೇಳಬೇಕೆಂದರೆ ಸುಂದರವಾಗಿತ್ತು. ಅಷ್ಟು ಚಂದದ ರೆಕ್ಕೆಯ ಪ್ರಾಣಿ ನಮ್ಮ ಮನೆಯ ಅನ್ನ ಕಸಿಯುತ್ತಿದೆ ಎಂದು ನಂಬಲು ಕಷ್ಟವಾಯಿತು. ರೆಕ್ಕೆಯ ಫೋಟೋ ನೋಡಿದ ಡಾಕ್ಟರೂ ಕ್ಯುಲಿಕಾಯ್ಡಿಸ್ ಎಂದೇ ಹೇಳಿದರು.

ಈ ನೊರಜು 1ರಿಂದ 3 ಮಿಲಿಮೀಟರ್ ಮಾತ್ರ. ಸೊಳ್ಳೆಯಂತೆ ಇದರಲ್ಲೂ ರಕ್ತ ಕುಡಿಯುವುದು ಹೆಣ್ಣು, ಮೊಟ್ಟೆ ಬಲಿಯಲು ಅದಕ್ಕೆ ರಕ್ತ ಬೇಕು. ಮೊಟ್ಟೆ ಇಡುವುದು ಒದ್ದೆ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಹಸಿ ಲದ್ದಿ-ಸಗಣಿಯಲ್ಲಿ. ಗದ್ದೆಯ ಬದು, ನೀರು ಇಳಿದ ಮೇಲೆ ನದಿ ಬಿಟ್ಟುಹೋಗುವ ಕೆಸರು, ಇವೆಲ್ಲ ಅದಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮ ಸೀಮೆಯಲ್ಲಿ ಭದ್ರಾ ನಾಲೆಯ ನೀರು ಬೇಸಿಗೆಯಲ್ಲೂ ಗದ್ದೆಗೆ ಬರುವುದರಿಂದ ಮಳೆ ನಿಂತರೂ ಕೆಸರು ಪೂರ್ತಿ ಒಣಗುವುದಿಲ್ಲ. ನಾಲೆ ನಮಗೆ ಅನ್ನ ಕೊಟ್ಟಿದೆ, ಅದನ್ನು ದೂರುವ ಹಾಗಿಲ್ಲ.

ದ್ವಿತೀಯ ಪಿಯುಸಿಯ ‘ಮಾನವನ ಆರೋಗ್ಯ ಮತ್ತು ರೋಗಗಳು’ ಪಾಠ ಆ ತಿಂಗಳೇ ನಡೆಯಿತು. ಅಲರ್ಜಿ ಎಂದರೇನು ಎಂಬುದಕ್ಕೆ ನಾವೆಲ್ಲ ಎರಡು ಅಂಕದ ಉತ್ತರ ಬಾಯಿಪಾಠ ಮಾಡಿದ್ದೇವೆ: ಪರಿಸರದ ಕೆಲವು ಪ್ರತಿಜನಕಗಳಿಗೆ ದೇಹದ ರೋಗನಿರೋಧಕ ವ್ಯವಸ್ಥೆ ತೋರುವ ಅತಿಯಾದ ಪ್ರತಿಕ್ರಿಯೆ, ಐಜಿಇ ಪ್ರತಿಕಾಯ, ಮಾಸ್ಟ್ ಕೋಶ, ಹಿಸ್ಟಮಿನ್. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವತ್ತು ತರಗತಿಯಲ್ಲಿ ಕೂತಿದ್ದ ನನಗೆ ‘ಅತಿಯಾದ’ ಎಂಬ ಪದ ಕೇಳಿದಾಗ ಕಂಬ ಅಲ್ಲಾಡುವ ಸದ್ದು ಕೇಳಿಸಿತು. ನೊರಜು ಕಚ್ಚುವಾಗ ಚರ್ಮದೊಳಗೆ ಸ್ವಲ್ಪ ಎಂಜಲು ಬಿಡುತ್ತದೆ. ಆ ಎಂಜಲಿನ ಪ್ರೋಟೀನು ವಿಷವೇನಲ್ಲ. ಫುಪ್ಪುವಿನ ಎಮ್ಮೆಯನ್ನೂ ಅದೇ ನೊರಜು ಕಚ್ಚುತ್ತದೆ, ಎಮ್ಮೆ ಬಾಲ ಬೀಸಿ ಸುಮ್ಮನಾಗುತ್ತದೆ. ಮೋತಿಯ ದೇಹ ಮಾತ್ರ ಅದನ್ನು ದೊಡ್ಡ ಶತ್ರು ಎಂದು ತಿಳಿದು ಯುದ್ಧ ಹೂಡುತ್ತದೆ. ಆ ಯುದ್ಧವೇ ತುರಿಕೆ. ಇದು ಒಂದು ಕುದುರೆಯಿಂದ ಇನ್ನೊಂದಕ್ಕೆ ಅಂಟುವುದಿಲ್ಲ, ಮನುಷ್ಯರಿಗಂತೂ ಇಲ್ಲವೇ ಇಲ್ಲ.

ಹಾಗಾದರೆ ಮೊದಲ ವರ್ಷ ಯಾಕೆ ಬರಲಿಲ್ಲ? ಇದಕ್ಕೆ ಉತ್ತರ ಐಸ್‌ಲ್ಯಾಂಡಿನಲ್ಲಿದೆ. ಆ ದ್ವೀಪದಲ್ಲಿ ಈ ನೊರಜಿನ ಕಾಟ ಇಲ್ಲದೆ ಕುದುರೆಗಳು ನೂರಾರು ವರ್ಷ ಬೆಳೆದವು. ಅಲ್ಲಿ ಹುಟ್ಟಿ ಬೆಳೆದ ಕುದುರೆಯನ್ನು ಯುರೋಪಿನ ಬೇರೆ ದೇಶಗಳಿಗೆ ಮಾರಿದಾಗ ಬಹಳಷ್ಟಕ್ಕೆ ಈ ತುರಿಕೆ ಹಿಡಿಯುತ್ತದೆ, ಅದೂ ಹೋದ ಕೂಡಲೇ ಅಲ್ಲ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ಬೇಸಿಗೆಯಲ್ಲಿ. ಮೊದಲು ಕಚ್ಚಿಸಿಕೊಂಡು ದೇಹ ಶತ್ರುವಿನ ಗುರುತು ಬರೆದಿಟ್ಟುಕೊಳ್ಳಬೇಕು, ಯುದ್ಧ ಆಮೇಲೆ. ಅದೇ ತಳಿಯ ಕುದುರೆ ಹೊರದೇಶದಲ್ಲೇ ಹುಟ್ಟಿ ಮರಿಯಿಂದಲೂ ಕಚ್ಚಿಸಿಕೊಂಡಿದ್ದರೆ ಈ ಕಾಯಿಲೆ ಎಷ್ಟೋ ಕಡಿಮೆ. (ಐಸ್‌ಲ್ಯಾಂಡಿನಿಂದ ಒಮ್ಮೆ ಹೊರಗೆ ಹೋದ ಕುದುರೆಯನ್ನು ಮತ್ತೆ ದೇಶದೊಳಗೆ ಬಿಡುವುದಿಲ್ಲವಂತೆ, ಅದು ಅವರ ಕಾನೂನು. ಓದಿ ಮನಸ್ಸಿಗೆ ಹೇಗೋ ಆಯಿತು.) ಆಸ್ಟ್ರೇಲಿಯಾದಲ್ಲಿ ಇದನ್ನು ‘ಕ್ವೀನ್ಸ್‌ಲ್ಯಾಂಡ್ ತುರಿಕೆ’ ಎನ್ನುತ್ತಾರೆ. ಇದು ನೊರಜು ಕಡಿತದ ಅಲರ್ಜಿ ಎಂದು ಅಲ್ಲಿ ರೀಕ್ ಎಂಬ ವಿಜ್ಞಾನಿ 1950ರ ದಶಕದಲ್ಲಿ ತೋರಿಸಿದರು. ನಮ್ಮ ಮೋತಿಗೆ ಮಂಡಕ್ಕಿ ಭಟ್ಟಿಯ ಒಣ ಓಣಿಯೇ ಐಸ್‌ಲ್ಯಾಂಡ್ ಆಗಿತ್ತೋ ಏನೋ. ಯಾವ ಹೊಗೆಯಿಂದ ಅದನ್ನು ಕಾಪಾಡಬೇಕು ಎಂದು ನಾನು ಹಟ ಹಿಡಿದೆನೋ ಆ ಹೊಗೆಯೇ ಅಷ್ಟು ದಿನ ನೊರಜನ್ನು ದೂರ ಇಟ್ಟಿದ್ದಿರಬಹುದು. ಇದನ್ನು ಅಬ್ಬಾಗೆ ಹೇಳಿದೆ. ಅಬ್ಬಾ ನಕ್ಕರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಇನ್ನು ಚಿಕಿತ್ಸೆ. ಡಾಕ್ಟರ್ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಪವಾಡದ ಹಾಗೆ ಮೋತಿ ಆ ರಾತ್ರಿ ಕಂಬ ಮುಟ್ಟಲಿಲ್ಲ. ದಾದಾ ಎಷ್ಟೋ ವಾರಗಳ ಮೇಲೆ ಬೆಳಗಿನವರೆಗೆ ಮಲಗಿದರು. ಐದನೆಯ ದಿನ ಸಂಜೆ ತುರಿಕೆ ಮತ್ತೆ ಬಂತು. ವಾರವಾರ ಅದನ್ನೇ ಹಾಕಿಸೋಣ, ಸೀಸನ್ ಮುಗಿಯುವವರೆಗೆ ಸಾಕು ಎಂದರು ಅಬ್ಬಾ. ಡಾಕ್ಟರ್ ಒಪ್ಪಲಿಲ್ಲ. ಸ್ಟೀರಾಯ್ಡ್ ಮೇಲಿಂದ ಮೇಲೆ ಕೊಟ್ಟರೆ ಕುದುರೆಗೆ ಗೊರಸಿನ ಒಳಗೆ ಉರಿಯೂತ ಬರುವ ಅಪಾಯವಿದೆ, ಆಮೇಲೆ ಅದು ನಿಲ್ಲಲಾರದು ಎಂದರು. ಹಾಗಿದ್ದರೂ ಕೊಡುವವರು ಬೇರೆ ಸಿಗುತ್ತಾರೆ ಎಂಬುದು ಅಬ್ಬಾಗೆ ಗೊತ್ತಿತ್ತು. ಆ ವಾರವೇ ದಲ್ಲಾಳಿಯೊಬ್ಬ ಬಂದು ಇಪ್ಪತ್ತು ಸಾವಿರಕ್ಕೆ ಕೊಡ್ತೀರಾ ಎಂದು ಕೇಳಿ ಹೋಗಿದ್ದ. ತಂದದ್ದರ ಕಾಲು ಭಾಗವೂ ಅಲ್ಲ. ಎಲ್ಲಿಗೆ ಒಯ್ಯುತ್ತೀ ಎಂದು ದಾದಾ ಕೇಳಿದ್ದಕ್ಕೆ ಅವನು ಸರಿಯಾಗಿ ಉತ್ತರ ಕೊಡಲಿಲ್ಲ.

ಆ ರಾತ್ರಿ ಮನೆಯಲ್ಲಿ ಜೋರು ಮಾತಾಯಿತು. ಇಂಜೆಕ್ಷನ್ ಹಾಕಿಸಿ ಸೀಸನ್ ತೆಗೆಯೋಣ ಎಂದು ಅಬ್ಬಾ. ಮಾರಿ ಒಂದು ಹಳೆಯ ಆಟೋ ತೆಗೆದುಕೊಳ್ಳೋಣ ಎಂದು ಅಮ್ಮಿ, ಅವರಿಗೂ ಸಾಕಾಗಿತ್ತು. ನಾನು ಎರಡೂ ಬೇಡ ಎಂದೆ, ಆದರೆ ನನ್ನ ಬಳಿ ಮೂರನೆಯದಿರಲಿಲ್ಲ. ಕೊನೆಗೆ ದಾದಾ ಅಂದರು: “ಸ್ಟೇಷನ್ನಿನಲ್ಲಿ ಸವಾರಿ ಸಿಗದ ದಿನ ನಾನು ಉಪವಾಸ ಇದ್ದೇನೆ, ಕುದುರೆಗೆ ಹುರುಳಿ ತಪ್ಪಿಸಿಲ್ಲ. ಕಾಲು ಹಾಳಾಗುತ್ತದೆ ಎಂದು ಗೊತ್ತಿದ್ದೂ ಸೂಜಿ ಚುಚ್ಚಿಸುವುದಾದರೆ ನನ್ನನ್ನು ಕೇಳಬೇಡಿ.” ಅಬ್ಬಾ ಎದ್ದು ಹೊರಗೆ ಹೋದರು. ಬಹಳ ಹೊತ್ತಿನ ಮೇಲೆ ಬಂದು, “ಡಾಕ್ಟರ್ ಇನ್ನೇನು ಹೇಳಿದ್ದಾರೆ, ಓದು” ಎಂದು ನನ್ನ ನೋಟ್‌ಬುಕ್ಕಿನ ಕಡೆ ಕೈ ತೋರಿಸಿದರು.

ಡಾಕ್ಟರ್ ಹೇಳಿದ್ದು ಒಂದೇ ಮಾತು. ಈ ಅಲರ್ಜಿಯನ್ನು ಪೂರ್ತಿ ವಾಸಿ ಮಾಡುವ ಮದ್ದಿಲ್ಲ. ನೊರಜು ಕಚ್ಚದ ಹಾಗೆ ನೋಡಿಕೊಳ್ಳುವುದೇ ಮದ್ದು.

ಕೇಳಲು ಸುಲಭ. ಮೊದಲ ಉಪಾಯ ಸೊಳ್ಳೆ ಪರದೆ. ಲಾಯದ ಮೂರೂ ಕಡೆ ಕಟ್ಟಿದೆವು. ಏನೂ ಪ್ರಯೋಜನವಾಗಲಿಲ್ಲ, ಸೊಳ್ಳೆ ಪರದೆಯ ಕಣ್ಣಿನಲ್ಲಿ ನೊರಜು ಆರಾಮಾಗಿ ನುಸುಳುತ್ತದೆ. ಆಮೇಲೆ ಅಮ್ಮಿ ತೆಳುವಾದ ಮಲ್‌ಮಲ್ ಬಟ್ಟೆ ತರಿಸಿ ಕಿಟಕಿಗೂ ಬಾಗಿಲಿಗೂ ಪರದೆ ಹೊಲಿದರು. ಒಂದು ಕಾಲಕ್ಕೆ ಬಟ್ಟೆ ಗಿರಣಿಗಳಿಂದಲೇ ಹೆಸರಾದ ಊರಿನವರು ನಾವು, ಬಟ್ಟೆಯ ವಿಷಯಕ್ಕೆ ಬಂದರೆ ಅಮ್ಮಿಯ ಕೈ ಹಿಡಿಯುವವರಿಲ್ಲ. ಉಳಿದದ್ದರಲ್ಲಿ ಮೋತಿಗೆ ಒಂದು ಅಂಗಿ. ಜರಿಯ ಝೂಲಿನ ಅಳತೆ ಇಟ್ಟುಕೊಂಡು, ಕುತ್ತಿಗೆ ಮುಚ್ಚುವಷ್ಟು ಮುಂದಕ್ಕೆ, ಬಾಲದ ಬುಡ ಮುಚ್ಚುವಷ್ಟು ಹಿಂದಕ್ಕೆ ಬೆಳೆಸಿ, ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ಕೊಟ್ಟು ಲಾಡಿ ಹಾಕಿದರು. ಮೊದಲ ದಿನ ಅದನ್ನು ತೊಡಿಸಿ ನಿಲ್ಲಿಸಿದಾಗ ಓಣಿಯ ಹುಡುಗರೆಲ್ಲ ‘ಕುದುರೆ ನೈಟಿ ಹಾಕ್ಕೊಂಡೈತಿ’ ಎಂದು ಕೂಗುತ್ತಾ ಬಂದರು. ನಿಜಕ್ಕೂ ಹಾಗೆಯೇ ಇತ್ತು. ಮೋತಿಗೆ ನಾಚಿಕೆಯಾಗಲಿಲ್ಲ, ನನಗಾಯಿತು. ಮೊದಲ ವಾರದಲ್ಲೇ ಒಂದನ್ನು ಹರಿದು ಹಾಕಿತು. ಅಮ್ಮಿ ಎರಡನೆಯದನ್ನು ಭುಜದ ಹತ್ತಿರ ನೆರಿಗೆ ಬಿಟ್ಟು ಹೊಲಿದರು, ಅದು ನಿಂತಿತು. ಬೆವರಿನಿಂದ ಒದ್ದೆಯಾಗಿ ಗಾಯ ಹೆಚ್ಚಬಾರದೆಂದು ದಿನ ಬಿಟ್ಟು ದಿನ ಒಗೆದು ಬದಲಾಯಿಸಬೇಕು.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಫ್ಯಾನು. ನೊರಜು ಬಹಳ ನಿಶ್ಶಕ್ತ ಹಾರಾಟಗಾರ, ಸ್ವಲ್ಪ ಗಾಳಿ ಬೀಸಿದರೂ ಅದಕ್ಕೆ ಕುದುರೆಯ ಮೇಲೆ ಇಳಿಯಲಾಗುವುದಿಲ್ಲ. ಜೋರು ಗಾಳಿಯ ದಿನ ತುರಿಕೆ ಇಲ್ಲ ಎಂದು ದಾದಾ ಗಮನಿಸಿದ್ದರ ಗುಟ್ಟು ಇದೇ. ಅಬ್ಬಾಗೆ ಪರಿಚಯದ ಶಾಮಿಯಾನದವರೊಬ್ಬರು ಮದುವೆ ಮನೆಗೆ ಬಾಡಿಗೆ ಕೊಡುವ ಎರಡು ದೊಡ್ಡ ಸ್ಟ್ಯಾಂಡ್ ಫ್ಯಾನುಗಳನ್ನು ‘ಸೀಸನ್ ಶುರುವಾಗುವವರೆಗೆ ಇಟ್ಕೊಳ್ಳಿ’ ಎಂದು ಕೊಟ್ಟರು. ಅಸರ್ ಮುಗಿದ ಕೂಡಲೇ ಮೋತಿಯನ್ನು ಒಳಗೆ ಕಟ್ಟಿ ಫ್ಯಾನು ಹಾಕಿದರೆ ಬೆಳಿಗ್ಗೆ ಬಿಸಿಲೇರಿದ ಮೇಲೆಯೇ ಹೊರಗೆ. ಕಷ್ಟ ಬಂದದ್ದು ಕರೆಂಟಿನಿಂದ. ಅದು ಸರಿಯಾಗಿ ಸಂಜೆ ಏಳಕ್ಕೇ ಹೋಗುತ್ತಿತ್ತು. ಬೇವಿನ ಸೊಪ್ಪಿನ ಹೊಗೆ ಹಾಕೋಣವೆಂದರೆ, ಮುಚ್ಚಿದ ಲಾಯದಲ್ಲಿ ಹೊಗೆ ಹಾಕಬೇಡಿ, ಶ್ವಾಸಕೋಶಕ್ಕೆ ಕೆಟ್ಟದ್ದು ಎಂದರು ಡಾಕ್ಟರ್. (ಇಷ್ಟಾದರೂ ನನ್ನ ಒಂದು ಮಾತು ಸರಿಯಿತ್ತು!) ಕರೆಂಟು ಹೋದ ಸಂಜೆ ದಾದಾ ದೊಡ್ಡ ಮೊರದಿಂದ ಗಾಳಿ ಹಾಕುತ್ತಾ ಕೂರುತ್ತಿದ್ದರು. ಎಪ್ಪತ್ತೈದು ದಾಟಿದ ಅವರ ಕೈಯಿಂದ ನಾನು ಮೊರ ಕಸಿದುಕೊಂಡ ದಿನಗಳೂ ಇವೆ. ಅರ್ಧ ಗಂಟೆ ಬೀಸಿ ನೋಡಿ, ಗೊತ್ತಾಗುತ್ತದೆ.

ನೊರಜು ಓಡಿಸುವ ಪರ್ಮೆಥ್ರಿನ್ ಔಷಧಿಯನ್ನು ಡಾಕ್ಟರ್ ಹೇಳಿದ ಅಳತೆಯಲ್ಲಿ ನೀರಿಗೆ ಬೆರೆಸಿ ವಾರಕ್ಕೊಮ್ಮೆ ಹಚ್ಚುತ್ತಿದ್ದೆವು. ಅದು ಬೆಕ್ಕಿಗೆ ವಿಷವಾಗಬಲ್ಲದಂತೆ. ಹಾಗಾಗಿ ಫುಪ್ಪುವಿನ ಬೆಕ್ಕಿಗೆ ಲಾಯ ಬಂದ್ ಆಯಿತು, ಅದು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದೆ. ಲದ್ದಿಯ ಗುಂಡಿಯನ್ನು ಮನೆಯಿಂದ ದೂರಕ್ಕೆ ಸಾಗಿಸಿದೆವು. ನೀರಿನ ತೊಟ್ಟಿಯ ಬುಡ ಸೋರಿ ಸುತ್ತ ಯಾವಾಗಲೂ ಕೆಸರಿರುತ್ತಿತ್ತು, ಸಿಮೆಂಟು ಹಾಕಿ ಮುಚ್ಚಿದೆವು. ಆದರೆ ಗದ್ದೆಯನ್ನು ಮುಚ್ಚಲಾಗುತ್ತದೆಯೇ? ಕುರಿಗಾಹಿಯವರ ‘ದಿಬ್ಬಕ್ಕೆ ಹೊಡಿತೀವಿ’ ಎಂಬ ಮಾತು ಎಲ್ಲರ ತಲೆಯಲ್ಲೂ ಕೊರೆಯುತ್ತಿತ್ತು. ಅಕ್ಟೋಬರಿನಲ್ಲಿ ಫುಪ್ಪುವಿನ ಗಂಡ ಊರಿನ ಇನ್ನೊಂದು ಬದಿಯಲ್ಲಿ, ಗದ್ದೆಯಿಂದ ದೂರ, ಎತ್ತರದ ಜಾಗದಲ್ಲಿ ಖಾಲಿ ಬಿದ್ದಿದ್ದ ಒಂದು ಹಳೆಯ ಗೋಡೌನು ಹುಡುಕಿದರು. ಬಾಡಿಗೆ ಸ್ವಲ್ಪ ಹೆಚ್ಚು. ಆದರೆ ಅಲ್ಲಿ ಯಾವಾಗಲೂ ಗಾಳಿ ಆಡುತ್ತದೆ. ದಾದಾ ಹಾಸಿಗೆ ಸುತ್ತಿಕೊಂಡು ಮತ್ತೆ ಮೋತಿಯ ಹಿಂದೆ ಹೊರಟರು.

ಇದೇ ನೊರಜಿನ ಕುಲದ ಬಗ್ಗೆ ಓದುತ್ತಾ ಇನ್ನೊಂದು ಸಂಗತಿ ಸಿಕ್ಕಿತು. 1959ರಿಂದ 1961ರ ನಡುವೆ ‘ಆಫ್ರಿಕನ್ ಕುದುರೆ ರೋಗ’ ಮಧ್ಯಪ್ರಾಚ್ಯ ದಾಟಿ ಭಾರತದವರೆಗೂ ಬಂದು, ಆ ದೇಶಗಳಲ್ಲೆಲ್ಲ ಸೇರಿ ಮೂರು ಲಕ್ಷಕ್ಕೂ ಹೆಚ್ಚು ಕುದುರೆ, ಕತ್ತೆ, ಹೇಸರಗತ್ತೆಗಳು ಸತ್ತವು. ಅದರ ವೈರಸ್ಸನ್ನು ಹೊತ್ತದ್ದೂ ಈ ನೊರಜುಗಳೇ. ಈಗ ನಮ್ಮ ದೇಶದಲ್ಲಿ ಆ ರೋಗ ಇಲ್ಲ. ದಾದಾಗೆ ಇದನ್ನು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಮಗೆ ಬರೀ ತುರಿಕೆ ಕೊಟ್ಟು ಬಿಟ್ಟಿದೆ” ಅಂದರು.

ನವೆಂಬರ್ ಹೊತ್ತಿಗೆ ಗಾಯಗಳು ಮಾಯ್ದವು. ಬಾಲದ ಬುಡದಲ್ಲಿ ಕೂದಲು ಬಂತು. ಅಯಾಲು ಮಾತ್ರ ಬೆರಳುದ್ದ ಬೆಳೆದು ಶೂ ಬ್ರಶ್ಶಿನ ಹಾಗೆ ನೆಟ್ಟಗೆ ನಿಂತಿತ್ತು. ಅದನ್ನು ಮರೆಸಲು ಅಮ್ಮಿ ಕುತ್ತಿಗೆಯುದ್ದಕ್ಕೂ ಚೆಂಡುಹೂವಿನಂಥ ಬಟ್ಟೆಯ ಹೂಗಳ ಮಾಲೆ ಹೊಲಿದುಕೊಟ್ಟರು. ಇದು ಹೊಸ ಫ್ಯಾಷನ್ನಾ ಎಂದು ಒಬ್ಬರು ಕೇಳಿದರಂತೆ. ಹೌದು ಎಂದರಂತೆ ಅಬ್ಬಾ. ಅಡ್ವಾನ್ಸು ವಾಪಸ್ ಪಡೆದಿದ್ದ ಮನೆಯವರು ಡಿಸೆಂಬರಿನಲ್ಲಿ ಎರಡನೆಯ ಮಗನ ಮದುವೆಗೆ ಮತ್ತೆ ಬಂದರು. ಡಾಕ್ಟರ್ ಬರೆದುಕೊಟ್ಟಿದ್ದ ‘ಇದು ಅಂಟುರೋಗವಲ್ಲ’ ಎಂಬ ಚೀಟಿಯನ್ನು ಅಬ್ಬಾ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಅವರು ಕೇಳಲಿಲ್ಲ, ಇವರು ತೋರಿಸಲಿಲ್ಲ. ದಾದಾನ ಹತ್ತಿರ ನಾನು ಕ್ಷಮೆ ಕೇಳಿದ್ದು ಅದೇ ತಿಂಗಳು. “ಯಾವುದಕ್ಕೆ?” ಎಂದು ಅವರು ನಿಜವಾಗಿಯೂ ಮರೆತವರ ಹಾಗೆ ಕೇಳಿದರು. ಮರೆತಿರಲಿಲ್ಲ ಎಂದು ನನಗೆ ಗೊತ್ತು.

ಈ ವರ್ಷ ಮಳೆ ಮತ್ತೆ ಹಿಡಿದಿದೆ. ತುರಿಕೆ ಸ್ವಲ್ಪ ಬಂದಿದೆ, ಕಳೆದ ಸಲದಷ್ಟಿಲ್ಲ. ಮೊನ್ನೆ ನಾನು ಗೋಡೌನಿನಲ್ಲಿ ಓದುತ್ತಾ ಕೂತಿದ್ದಾಗ ಅಬ್ಬಾಗೆ ಒಂದು ಫೋನ್ ಬಂತು. ದೊಡ್ಡ ಮದುವೆ, ಮಾತಿನಲ್ಲೇ ತಿಳಿಯುತ್ತಿತ್ತು. ಮೊದಲಾದರೆ ಅಬ್ಬಾ ಕೇಳುತ್ತಿದ್ದ ಮೊದಲ ಮಾತು ಎಷ್ಟು ಕೊಡುತ್ತೀರಿ ಎಂಬುದು. ಈ ಸಲ, “ಮೆರವಣಿಗೆ ಎಷ್ಟು ಗಂಟೆಗೆ?” ಎಂದರು. ಆ ಕಡೆಯವರು ಸಂಜೆ ಆರೂವರೆ ಎಂದಿರಬೇಕು. ಅಬ್ಬಾ ಒಂದು ಕ್ಷಣ ನನ್ನ ಕಡೆ, ಆಮೇಲೆ ಮೋತಿಯ ಕಡೆ ನೋಡಿ, “ಛತ್ರದ ಹತ್ತಿರ ಗದ್ದೆ ಐತೇನ್ರೀ?” ಎಂದು ಕೇಳಿದರು.